ಸಂತಾನದ ಬಾಗಿಲು ತೆರೆದ ವೈದ್ಯ: ಡಾ. ಸುಭಾಷ್ ಮುಖರ್ಜಿ

ಮದುವೆಯಾಗಿ ವರ್ಷಗಳು ಉರುಳಿದರೂ ಮಡಿಲು ತುಂಬದ ದಂಪತಿಗಳಿಗೆ ನಮ್ಮ ಸಮಾಜದಲ್ಲಿ ಸಲಹೆಗಳ ಕೊರತೆಯಿಲ್ಲ. ಹರಕೆ ಹೊರಲು ಒಬ್ಬರು, ನಾಗಪ್ರತಿಷ್ಠೆ ಮಾಡಿಸಲು ಇನ್ನೊಬ್ಬರು, ಅಶ್ವತ್ಥಕಟ್ಟೆಗೆ ಸುತ್ತು ಬರಲು ಮತ್ತೊಬ್ಬರು ಹೇಳುತ್ತಾರೆ. ಶ್ರದ್ಧೆ ಅವರವರ ಮನಸ್ಸಿಗೆ ಬಿಟ್ಟದ್ದು. ಅದನ್ನು ಆಕ್ಷೇಪಿಸುವ ಉದ್ದೇಶ ಇಲ್ಲಿಲ್ಲ. ಆದರೆ ವೈದ್ಯರನ್ನು ಕಾಣುವ ಮಾತು ಈ ಪಟ್ಟಿಯಲ್ಲಿ ಬಹುಮಟ್ಟಿಗೆ ಕೊನೆಗೆ ಬರುತ್ತದೆ, ಬಂದಾಗಲೂ ಪಿಸುದನಿಯಲ್ಲಿ ಬರುತ್ತದೆ. ಈ ಪಿಸುದನಿಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ಒಬ್ಬ ಭಾರತೀಯ ವೈದ್ಯನ ಬಾಳು ನಮಗೆ ತಿಳಿಸಿಕೊಡುತ್ತದೆ. ಭಾರತದ ಮೊದಲ, ಜಗತ್ತಿನ ಎರಡನೆಯ ಪ್ರನಾಳ ಶಿಶುವಿನ ಜನನಕ್ಕೆ ಕಾರಣರಾದ ಡಾ. ಸುಭಾಷ್ ಮುಖರ್ಜಿಯವರೇ ಆ ವೈದ್ಯರು. ಅವರು ತೀರಿಕೊಂಡು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ಬದುಕಿದ್ದಾಗ ಅವರಿಗೆ ದೊರೆತದ್ದು ಅವಮಾನ. ಮನ್ನಣೆ ದೊರೆತದ್ದು ಅವರು ಇಲ್ಲವಾದ ಬಹುಕಾಲದ ಮೇಲೆ.

ಹಜಾರಿಬಾಗಿನಿಂದ ಎಡಿನ್‌ಬರೋಗೆ

ಸುಭಾಷ್ ಮುಖರ್ಜಿಯವರು 1931ರ ಜನವರಿ 16ರಂದು ಹಜಾರಿಬಾಗಿನಲ್ಲಿ ಜನಿಸಿದರು. ಈ ಊರು ಇಂದು ಜಾರ್ಖಂಡ್ ರಾಜ್ಯದಲ್ಲಿದೆ. ಮನೆಮಾತು ಬಂಗಾಳಿ, ಹುಟ್ಟಿದ ನೆಲ ಬಂಗಾಳದ ಎಲ್ಲೆಯ ಹೊರಗಿನದು. ಮನೆಯ ನುಡಿ ಒಂದು, ನೆಲದ ಆಡಳಿತ ಇನ್ನೊಂದು ಎಂಬ ಸ್ಥಿತಿ ಗಡಿನಾಡಿನ ಕನ್ನಡಿಗರಾದ ನಮಗೆ ಹೊಸತಲ್ಲ. ಉನ್ನತ ವ್ಯಾಸಂಗಕ್ಕೆ ಅವರು ಕಲ್ಕತ್ತೆಯನ್ನು ಸೇರಿದರು. ಶರೀರಕ್ರಿಯಾ ವಿಜ್ಞಾನದಲ್ಲಿ ಪದವಿ ಪಡೆದು, 1955ರಲ್ಲಿ ಕಲ್ಕತ್ತಾ ನ್ಯಾಷನಲ್ ಮೆಡಿಕಲ್ ಕಾಲೇಜಿನಿಂದ ವೈದ್ಯಕೀಯ ಪದವೀಧರರಾದರು.

ವೈದ್ಯ ಪದವಿ ಕೈಗೆ ಬಂದೊಡನೆ ಚಿಕಿತ್ಸಾಲಯ ತೆರೆದು ಸಂಪಾದನೆಗೆ ತೊಡಗುವುದು ಅಂದಿನ ರೂಢಿ. ಸುಭಾಷರ ಮನಸ್ಸು ಪ್ರಯೋಗಾಲಯದ ಕಡೆಗೆ ವಾಲಿತ್ತು. ಮನುಷ್ಯನ ಸಂತಾನಶಕ್ತಿಯನ್ನು ನಡೆಸುವ ಹಾರ್ಮೋನುಗಳು ಯಾವುವು, ಅವು ಏರುಪೇರಾದರೆ ಏನಾಗುತ್ತದೆ ಎಂಬುದು ಅವರ ಆಸಕ್ತಿಯ ವಿಷಯ. ಪ್ರಜನನ ಶರೀರಕ್ರಿಯೆಯ ಅಧ್ಯಯನಕ್ಕಾಗಿ 1958ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಷ್ಟಕ್ಕೇ ತೃಪ್ತರಾಗದೆ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ತೆರಳಿ, ಹೆಸರಾಂತ ಹಾರ್ಮೋನ್ ತಜ್ಞ ಜಾನ್ ಲೊರೇನ್ ಅವರ ಮಾರ್ಗದರ್ಶನದಲ್ಲಿ 1967ರಲ್ಲಿ ಎರಡನೆಯ ಡಾಕ್ಟರೇಟ್ ಗಳಿಸಿದರು. ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗಲು ಪ್ರೇರಣೆ ನೀಡುವ ಹಾರ್ಮೋನನ್ನು ಸೂಕ್ಷ್ಮವಾಗಿ ಅಳೆಯುವ ವಿಧಾನವು ಅಲ್ಲಿ ಅವರ ಸಂಶೋಧನೆಯ ವಿಷಯವಾಗಿತ್ತು.

ವಿದೇಶದಲ್ಲಿಯೇ ನೆಲೆಸಲು ಅವಕಾಶವಿದ್ದ ಕಾಲವದು. ಅವರು ಅದೇ ವರ್ಷ ತಾಯ್ನಾಡಿಗೆ ಮರಳಿ, ಕಲ್ಕತ್ತೆಯ ಎನ್.ಆರ್.ಎಸ್. ಮೆಡಿಕಲ್ ಕಾಲೇಜಿನಲ್ಲಿ ಶರೀರಕ್ರಿಯಾ ವಿಜ್ಞಾನದ ಅಧ್ಯಾಪಕರಾದರು. ಮುಂದೆ ಬಾಂಕುರಾದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿಯೂ ಸೇವೆ ಸಲ್ಲಿಸಿದರು. ಬೋಧನೆ ಹಾಗೂ ಸಂಶೋಧನೆಯ ನಡುವೆ, ಮಕ್ಕಳಿಲ್ಲದ ಕೊರಗನ್ನು ಹೊತ್ತು ಬರುವ ದಂಪತಿಗಳನ್ನೂ ಅವರು ನೋಡುತ್ತಿದ್ದರು. ಅವರ ಪತ್ನಿ ನಮಿತಾ ಅವರು ಶಾಲಾ ಶಿಕ್ಷಕಿ.

ದಾರಿ ಮುಚ್ಚಿದಾಗ

ಅವರ ಸಾಧನೆಯ ಬೆಲೆಯನ್ನು ಅರಿಯಬೇಕಾದರೆ ಗರ್ಭ ನಿಲ್ಲುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಹೆಣ್ಣಿನ ಅಂಡಾಶಯದಿಂದ ಪ್ರತಿ ತಿಂಗಳು ಸಾಮಾನ್ಯವಾಗಿ ಒಂದು ಅಂಡಾಣು ಪಕ್ವವಾಗಿ ಹೊರಬರುತ್ತದೆ. ಗರ್ಭಾಶಯದ ಎರಡೂ ಬದಿಗಳಲ್ಲಿ ತೆಳ್ಳನೆಯ ಅಂಡನಾಳಗಳಿವೆ. ಅಂಡಾಣುವೂ ವೀರ್ಯಾಣುವೂ ಕೂಡುವುದು ಈ ನಾಳದೊಳಗೆ. ಹೀಗೆ ಉಂಟಾದ ಭ್ರೂಣವು ಕೆಲವು ದಿನಗಳಲ್ಲಿ ಗರ್ಭಾಶಯಕ್ಕೆ ಇಳಿದು ಅದರ ಒಳಪದರದಲ್ಲಿ ನೆಲೆಗೊಳ್ಳುತ್ತದೆ. ಸೋಂಕಿನಿಂದಲೋ ಹಳೆಯ ಶಸ್ತ್ರಚಿಕಿತ್ಸೆಯಿಂದಲೋ ಎರಡೂ ನಾಳಗಳು ಮುಚ್ಚಿಹೋದರೆ ಅಂಡಾಣು ಮತ್ತು ವೀರ್ಯಾಣುಗಳ ಭೇಟಿಯೇ ಆಗದು. ಆ ಮಹಿಳೆ ಹೊರನೋಟಕ್ಕೆ ಸಂಪೂರ್ಣ ಆರೋಗ್ಯವಂತೆಯಾಗಿರಬಹುದು, ಮುಟ್ಟು ಕ್ರಮವಾಗಿಯೇ ಆಗುತ್ತಿರಬಹುದು. ಆದರೂ ಗರ್ಭ ನಿಲ್ಲದು. ಭಾರತದಲ್ಲಿ ಜನನಾಂಗಗಳಿಗೆ ತಗಲುವ ಕ್ಷಯರೋಗವು ನಾಳಗಳು ಹೀಗೆ ಕೆಡಲು ಮುಖ್ಯ ಕಾರಣಗಳಲ್ಲೊಂದು.

ಇಂಗ್ಲೆಂಡಿನಲ್ಲಿ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ ಹಾಗೂ ಅವರ ಸಹಾಯಕಿ ಜೀನ್ ಪರ್ಡಿ ಈ ಮುಚ್ಚಿದ ದಾರಿಯನ್ನು ಬಳಸಿ ಹೋಗುವ ಉಪಾಯವನ್ನು ವರ್ಷಗಟ್ಟಲೆ ಹುಡುಕಿದ್ದರು. ಅಂಡಾಣುವನ್ನು ದೇಹದಿಂದ ಹೊರತೆಗೆದು, ಗಾಜಿನ ತಟ್ಟೆಯಲ್ಲಿ ವೀರ್ಯಾಣುವಿನೊಡನೆ ಸೇರಿಸಿ, ಉಂಟಾದ ಭ್ರೂಣವನ್ನು ತಾಯಿಯ ಗರ್ಭಾಶಯಕ್ಕೆ ಮರಳಿಸುವುದು ಅವರ ವಿಧಾನ. 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಎಂಬ ಹೆಣ್ಣುಮಗುವಿನ ಜನನದೊಂದಿಗೆ ಅವರ ಶ್ರಮ ಸಾರ್ಥಕವಾಯಿತು. ಪ್ರನಾಳ ಶಿಶು ಎಂಬ ಹೆಸರು ಲೋಕದ ಬಾಯಲ್ಲಿ ನಿಂತಿತು. ಆ ಹೆಸರನ್ನು ಕೇಳಿ ಮಗು ಗಾಜಿನ ಕೊಳವೆಯಲ್ಲಿ ಬೆಳೆಯುತ್ತದೆಂದು ಭಾವಿಸುವವರು ಇಂದಿಗೂ ಇದ್ದಾರೆ. ಗಾಜಿನ ತಟ್ಟೆಯಲ್ಲಿ ಕಳೆಯುವುದು ಆರಂಭದ ಕೆಲವೇ ದಿನಗಳು. ಮುಂದಿನ ಒಂಬತ್ತು ತಿಂಗಳ ಬೆಳವಣಿಗೆ ಎಲ್ಲ ಮಕ್ಕಳಂತೆ ತಾಯಿಯ ಗರ್ಭದಲ್ಲಿಯೇ ನಡೆಯುತ್ತದೆ.

ದುರ್ಗೆಯ ಜನನ

ಇದೇ ಸಮಯದಲ್ಲಿ ಕಲ್ಕತ್ತೆಯಲ್ಲಿ ಡಾ. ಮುಖರ್ಜಿಯವರು ತಮ್ಮದೇ ಹಾದಿಯಲ್ಲಿ ನಡೆದಿದ್ದರು. ಜಾದವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಶೀತಲೀಕರಣ ತಂತ್ರದಲ್ಲಿ ಪರಿಣತರಾದ ಸುನೀತ್ ಮುಖರ್ಜಿ ಹಾಗೂ ಸ್ತ್ರೀರೋಗ ತಜ್ಞ ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ ಅವರ ಜೊತೆಗಾರರು. ದೊಡ್ಡ ಸಂಸ್ಥೆಯ ಬೆಂಬಲವಾಗಲಿ, ಹೇರಳ ಅನುದಾನವಾಗಲಿ, ವಿದೇಶಿ ಪ್ರಯೋಗಾಲಯಗಳ ಸೌಕರ್ಯವಾಗಲಿ ಅವರಿಗಿರಲಿಲ್ಲ. ಇದ್ದ ಸಾಧಾರಣ ಸಲಕರಣೆಗಳಲ್ಲಿಯೇ ಕೆಲಸ ಸಾಗಬೇಕಿತ್ತು. ಅಂಡನಾಳಗಳು ಕೆಟ್ಟಿದ್ದ ಕಾರಣ ಮಕ್ಕಳಾಗದ ಒಬ್ಬ ಗೃಹಿಣಿಯೂ ಆಕೆಯ ಪತಿಯೂ ಅವರನ್ನು ನಂಬಿ ಬಂದಿದ್ದರು.

ಅವರು ಅನುಸರಿಸಿದ ಕ್ರಮವು ಇಂಗ್ಲೆಂಡಿನವರ ಕ್ರಮಕ್ಕಿಂತ ಮೂರು ವಿಷಯಗಳಲ್ಲಿ ಬೇರೆಯಾಗಿತ್ತು. ಮೊದಲನೆಯದಾಗಿ, ಸ್ವಾಭಾವಿಕವಾಗಿ ಪಕ್ವವಾಗುವ ಒಂದೇ ಅಂಡಾಣುವಿಗಾಗಿ ಕಾಯದೆ, ಹಾರ್ಮೋನ್ ಚುಚ್ಚುಮದ್ದು ನೀಡಿ ಹಲವು ಅಂಡಾಣುಗಳು ಒಮ್ಮೆಗೇ ಪಕ್ವವಾಗುವಂತೆ ಮಾಡಿದರು. ಎರಡನೆಯದಾಗಿ, ಹೊಟ್ಟೆಯ ಮೂಲಕ ದರ್ಶಕ ನಳಿಗೆ ತೂರಿಸುವ ಬದಲು ಯೋನಿಮಾರ್ಗದಲ್ಲಿ ಸಣ್ಣ ಛೇದನ ಮಾಡಿ ಅಂಡಾಣುಗಳನ್ನು ಪಡೆದರು. ಮೂರನೆಯದು ಎಲ್ಲಕ್ಕಿಂತ ಸಾಹಸದ್ದು. ಚುಚ್ಚುಮದ್ದಿನ ಪ್ರಭಾವವಿರುವ ತಿಂಗಳಲ್ಲಿ ಗರ್ಭಾಶಯದ ಒಳಪದರವು ಭ್ರೂಣವನ್ನು ಸ್ವೀಕರಿಸಲು ಹದವಾಗಿರುವುದಿಲ್ಲವೆಂದು ಅವರು ಊಹಿಸಿದರು. ಆದ್ದರಿಂದ ಭ್ರೂಣಗಳನ್ನು ರಾಸಾಯನಿಕ ರಕ್ಷಣೆಯೊಂದಿಗೆ ಹೆಪ್ಪುಗಟ್ಟಿಸಿ 53 ದಿನಗಳ ಕಾಲ ಕಾಪಿಟ್ಟರು. ಆಮೇಲೆ, ದೇಹ ತನ್ನ ಸಹಜ ಲಯಕ್ಕೆ ಮರಳಿದ ತಿಂಗಳಲ್ಲಿ, ಅವುಗಳನ್ನು ಕರಗಿಸಿ ತಾಯಿಯ ಗರ್ಭಾಶಯದಲ್ಲಿ ಇರಿಸಿದರು. ಗರ್ಭ ನಿಂತಿತು.

1978ರ ಸೆಪ್ಟೆಂಬರ್ ಕೊನೆಯಲ್ಲಿ ಬಂಗಾಳವು ಭಾರೀ ನೆರೆಯಲ್ಲಿ ಮುಳುಗಿತ್ತು. ಕಲ್ಕತ್ತೆಯ ಬೀದಿಗಳಲ್ಲಿಯೂ ನೀರು ನಿಂತಿತ್ತು. ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿ ಆರಂಭವಾದ ಅಕ್ಟೋಬರ್ 3ರಂದು ಅಲ್ಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೆಣ್ಣುಮಗು ಜನಿಸಿತು. ದೇವಿಯ ಹಬ್ಬದ ದಿನಗಳಲ್ಲಿ ಹುಟ್ಟಿದ ಕೂಸನ್ನು ಜನ ದುರ್ಗಾ ಎಂದು ಕರೆದರು. ಲೂಯಿಸ್ ಬ್ರೌನ್ ಹುಟ್ಟಿ ಆಗ ಎಪ್ಪತ್ತು ದಿನಗಳಾಗಿದ್ದವು.

ತನಿಖೆಯೂ ತಿರಸ್ಕಾರವೂ

ಪತ್ರಿಕೆಗಳಲ್ಲಿ ಸುದ್ದಿ ಬಂದೊಡನೆ ಸಂಶಯದ ಮಾತುಗಳೂ ಹುಟ್ಟಿಕೊಂಡವು. ಮುಖರ್ಜಿಯವರು ತಮ್ಮ ಕಾರ್ಯದ ವಿವರಗಳನ್ನು ಅಕ್ಟೋಬರ್ ತಿಂಗಳಲ್ಲಿಯೇ ರಾಜ್ಯದ ಆರೋಗ್ಯ ಸೇವಾ ನಿರ್ದೇಶಕರಿಗೆ ವರದಿಯ ರೂಪದಲ್ಲಿ ಸಲ್ಲಿಸಿದರು. ನವೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರವು ಒಂದು ಪರಿಶೀಲನಾ ಸಮಿತಿಯನ್ನು ನೇಮಿಸಿತು. ಸಮಿತಿಯ ಅಧ್ಯಕ್ಷರಾಗಿದ್ದವರು ರೇಡಿಯೋ ಭೌತವಿಜ್ಞಾನದ ಪ್ರಾಧ್ಯಾಪಕರು. ಮಾನವ ಭ್ರೂಣವನ್ನು ದೇಹದ ಹೊರಗೆ ರೂಪಿಸಿ, ಹೆಪ್ಪುಗಟ್ಟಿಸಿ, ಮರಳಿ ಇರಿಸುವ ಕೆಲಸದಲ್ಲಿ ಅನುಭವವಿದ್ದವರು ಆ ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ. ಸಮಿತಿ ಅವರ ಹೇಳಿಕೆಯನ್ನು ತಿರಸ್ಕರಿಸಿತು.

ಸಂಶೋಧಕನೊಬ್ಬ ಇಂತಹ ಸಂದರ್ಭದಲ್ಲಿ ತನ್ನ ಕೆಲಸವನ್ನು ಜಗತ್ತಿನ ತಜ್ಞರ ಮುಂದಿಟ್ಟು ನ್ಯಾಯ ಕೇಳಬಹುದು. ಜಪಾನಿನ ಕ್ಯೋಟೋದಲ್ಲಿ ನಡೆಯಲಿದ್ದ ಸಭೆಯಲ್ಲಿ ತಮ್ಮ ವಿಧಾನವನ್ನು ವಿವರಿಸಲು 1979ರಲ್ಲಿ ಮುಖರ್ಜಿಯವರಿಗೆ ಆಹ್ವಾನವಿತ್ತು. ಸರ್ಕಾರಿ ನೌಕರರಾಗಿದ್ದ ಅವರಿಗೆ ಹೋಗಲು ಅನುಮತಿ ಸಿಗಲಿಲ್ಲ. ಶೀತಲೀಕರಣ ವಿಜ್ಞಾನದ ಭಾರತೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಕಿರು ಟಿಪ್ಪಣಿಯ ಹೊರತು ವಿವರವಾದ ಪ್ರಬಂಧ ಹೊರಬರಲಿಲ್ಲ.

ಇನ್ನೊಂದು ಸಾಕ್ಷ್ಯವಿತ್ತು: ಜೀವಂತ ಸಾಕ್ಷ್ಯ. ತೊಟ್ಟಿಲಲ್ಲಿದ್ದ ಮಗು ಮತ್ತು ಅದನ್ನು ಹೆತ್ತ ತಾಯಿ. ಆದರೆ ಆ ದಂಪತಿಗಳು ಸಂಪ್ರದಾಯಸ್ಥ ಮನೆತನದವರು. ಮಗು ಹುಟ್ಟಿದ ಬಗೆ ಬಹಿರಂಗವಾದರೆ ಬಂಧುಬಳಗ ಏನೆಂದೀತು, ಬೆಳೆದ ಮೇಲೆ ಆ ಹೆಣ್ಣುಮಗುವನ್ನು ಜನ ಯಾವ ಕಣ್ಣಿನಿಂದ ನೋಡಿಯಾರು ಎಂಬ ಭಯ ಅವರನ್ನು ಕಾಡಿತು. ಅವರು ಮುಂದೆ ಬರಲಿಲ್ಲ. ಅವರನ್ನು ದೂಷಿಸುವುದು ಸಲ್ಲದು. ಅಂದಿನ ಸಮಾಜ ಅವರಿಗೆ ಬೇರೆ ದಾರಿಯನ್ನು ಉಳಿಸಿರಲಿಲ್ಲ. ರೋಗಿಯ ಗೋಪ್ಯವನ್ನು ಕಾಯುವುದು ವೈದ್ಯನ ಧರ್ಮವಾದ್ದರಿಂದ ಮುಖರ್ಜಿಯವರೂ ಅವರನ್ನು ಬೀದಿಗೆ ತರಲಿಲ್ಲ. ಮಕ್ಕಳಿಲ್ಲದಿರುವುದು ನಾಚಿಕೆಯ ಸಂಗತಿ, ಚಿಕಿತ್ಸೆಯಿಂದ ಮಗು ಪಡೆದದ್ದು ಮುಚ್ಚಿಡಬೇಕಾದ ಗುಟ್ಟು ಎಂಬ ಸಾಮಾಜಿಕ ಭಾವನೆಯು ಹೀಗೆ ವೈದ್ಯನ ಪರವಾಗಿ ನುಡಿಯಬಹುದಾಗಿದ್ದ ಏಕೈಕ ಸಾಕ್ಷಿಯ ಬಾಯನ್ನು ಕಟ್ಟಿತು.

ಕೊನೆಯ ದಿನಗಳು

ಮುಂದಿನ ಮೂರು ವರ್ಷಗಳು ಅವರ ಪಾಲಿಗೆ ಕಡುಕಷ್ಟದವು. ವೃತ್ತಿಬಾಂಧವರ ನಡುವೆ ಅವರು ಪರಿಹಾಸ್ಯಕ್ಕೆ ಗುರಿಯಾದರು. ಆರೋಗ್ಯವೂ ಕೈಕೊಟ್ಟು ಹೃದಯಾಘಾತಕ್ಕೆ ಒಳಗಾದರು. 1981ರ ಜೂನ್ ತಿಂಗಳಲ್ಲಿ ಸರ್ಕಾರವು ಅವರನ್ನು ಕಲ್ಕತ್ತೆಯ ಪ್ರಾದೇಶಿಕ ನೇತ್ರ ಚಿಕಿತ್ಸಾ ಸಂಸ್ಥೆಗೆ ವರ್ಗಾಯಿಸಿತು. ಬಾಳಿಡೀ ಸಂತಾನಶಕ್ತಿಯ ಹಾರ್ಮೋನುಗಳನ್ನು ಅಭ್ಯಸಿಸಿದ ವಿದ್ವಾಂಸನಿಗೆ ಕಣ್ಣಿನ ಸಂಸ್ಥೆಯಲ್ಲಿ ಯಾವ ಕೆಲಸ? ಅವರ ಸಂಶೋಧನೆಗೆ ಉಳಿದಿದ್ದ ಕೊನೆಯ ಎಳೆಯೂ ಕಡಿಯಿತು.

ಅದೇ ತಿಂಗಳ 19ರಂದು, ತಮ್ಮ ಐವತ್ತನೆಯ ವಯಸ್ಸಿನಲ್ಲಿ, ಡಾ. ಸುಭಾಷ್ ಮುಖರ್ಜಿಯವರು ತಮ್ಮ ಮನೆಯಲ್ಲಿ ಪ್ರಾಣ ಕಳೆದುಕೊಂಡರು. ನೊಂದ ಮನಸ್ಸಿಗೆ ಆಸರೆಯಾಗಬಲ್ಲ ವ್ಯವಸ್ಥೆ ಅಂದು ಇರಲಿಲ್ಲ; ಅವರ ಸಾವನ್ನು ಪರಿಹಾರವೆಂದು ಯಾರೂ ತಿಳಿಯಬಾರದು. ಇನ್ನು ಕೆಲವು ವರ್ಷ ಅವರು ಬದುಕಿದ್ದರೆ ತಮ್ಮ ಊಹೆಗಳೆಲ್ಲ ಒಂದೊಂದಾಗಿ ಜಗತ್ತಿನ ಪ್ರಯೋಗಾಲಯಗಳಲ್ಲಿ ನಿಜವಾದದ್ದನ್ನು ಕಣ್ಣಾರೆ ಕಾಣುತ್ತಿದ್ದರು. 1984ರಲ್ಲಿ ಆಸ್ಟ್ರೇಲಿಯಾದಲ್ಲಿ ಹೆಪ್ಪುಗಟ್ಟಿಸಿದ ಭ್ರೂಣದಿಂದ ಮಗು ಜನಿಸಿದಾಗ, ಅದನ್ನೇ ಜಗತ್ತಿನ ಮೊದಲನೆಯದೆಂದು ದಾಖಲಿಸಲಾಯಿತು. ಅವರ ಕಥೆಯಿಂದ ಪ್ರೇರಿತವಾಗಿ ಬಂಗಾಳಿ ಲೇಖಕ ರಮಾಪದ ಚೌಧುರಿ ಕಾದಂಬರಿಯೊಂದನ್ನು ಬರೆದರು. ಅದನ್ನು ಆಧರಿಸಿ ತಪನ್ ಸಿನ್ಹಾ ನಿರ್ದೇಶಿಸಿದ ಹಿಂದಿ ಚಲನಚಿತ್ರ 'ಏಕ್ ಡಾಕ್ಟರ್ ಕೀ ಮೌತ್' 1990ರಲ್ಲಿ ತಯಾರಾಯಿತು.

ಬೆಂಗಳೂರಿನಿಂದ ಬಂದ ನ್ಯಾಯ

1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹರ್ಷಾ ಎಂಬ ಹೆಣ್ಣುಮಗು ಜನಿಸಿತು. ಡಾ. ಇಂದಿರಾ ಹಿಂದೂಜಾ ಹಾಗೂ ವಿಜ್ಞಾನಿ ಡಾ. ಟಿ.ಸಿ. ಆನಂದ್ ಕುಮಾರ್ ಅವರ ತಂಡದ ಈ ಸಾಧನೆಯನ್ನು ಭಾರತದ ಮೊದಲ ಪ್ರನಾಳ ಶಿಶುವಿನ ಜನನವೆಂದು ದೇಶವೇ ಕೊಂಡಾಡಿತು. ಅದರ ಎಲ್ಲ ಹಂತಗಳಿಗೂ ವೈಜ್ಞಾನಿಕ ದಾಖಲೆಗಳಿದ್ದವು.

ಮುಂದೆ ಬೆಂಗಳೂರಿನಲ್ಲಿ ಸಂತಾನ ಚಿಕಿತ್ಸೆಯ ಕಾರ್ಯದಲ್ಲಿ ತೊಡಗಿದ್ದ ಆನಂದ್ ಕುಮಾರ್ ಅವರು 1997ರಲ್ಲಿ ಮುಖರ್ಜಿಯವರ ಸ್ಮರಣಾರ್ಥ ಉಪನ್ಯಾಸ ನೀಡಲು ಕಲ್ಕತ್ತೆಗೆ ಹೋದರು. ಅಲ್ಲಿ ಸುನೀತ್ ಮುಖರ್ಜಿಯವರು ಜತನದಿಂದ ಉಳಿಸಿಕೊಂಡಿದ್ದ ಹಳೆಯ ಕಾಗದಪತ್ರಗಳನ್ನೂ ಕೈಬರಹದ ಟಿಪ್ಪಣಿಗಳನ್ನೂ ಅವರಿಗೆ ಒಪ್ಪಿಸಿದರು. ಆನಂದ್ ಕುಮಾರ್ ಅವುಗಳನ್ನು ಸಾಲುಸಾಲಾಗಿ ಪರಿಶೀಲಿಸಿದರು. ಚುಚ್ಚುಮದ್ದಿನ ಕ್ರಮ, ಅಂಡಾಣು ಪಡೆದ ವಿಧಾನ, ಹೆಪ್ಪುಗಟ್ಟಿಸಿದ ರೀತಿ ಇವೆಲ್ಲವೂ ವಿಜ್ಞಾನಕ್ಕೆ ಹೊಂದುತ್ತಿದ್ದುದು ಅವರಿಗೆ ಮನವರಿಕೆಯಾಯಿತು. ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅದೇ ವರ್ಷ ಲೇಖನ ಬರೆದು, ಭಾರತದ ಮೊದಲ ಪ್ರನಾಳ ಶಿಶುವಿನ ಹಿರಿಮೆ ಸುಭಾಷ್ ಮುಖರ್ಜಿಯವರಿಗೇ ಸಲ್ಲಬೇಕೆಂದು ಅವರು ಸಾರಿದರು. ದೇಶವು ತಮ್ಮ ತಂಡಕ್ಕೆ ಕೊಟ್ಟಿದ್ದ ಪಟ್ಟವನ್ನು ತಾವೇ ಇಳಿಸಿ, ಅದರ ನಿಜವಾದ ಹಕ್ಕುದಾರನ ತಲೆಯ ಮೇಲೆ ಇರಿಸಿದರು. ವಿಜ್ಞಾನದ ಇತಿಹಾಸದಲ್ಲಿ ಇಂತಹ ಔದಾರ್ಯ ವಿರಳ.

ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಮುಖರ್ಜಿಯವರ ಕಾರ್ಯವನ್ನು ಮಾನ್ಯ ಮಾಡಿತು. ಅಂದು ಗುಟ್ಟಾಗಿ ಬೆಳೆದ ದುರ್ಗಾ ತನ್ನ ಇಪ್ಪತ್ತೈದರ ಪ್ರಾಯದಲ್ಲಿ ಸಾರ್ವಜನಿಕರ ಮುಂದೆ ಬಂದು, ತನ್ನ ಜನನಕ್ಕೆ ಕಾರಣರಾದ ವೈದ್ಯರಿಗೆ ಗೌರವ ಸಲ್ಲಿಸಿದಳು. ಆಗ ಆ ವೈದ್ಯರು ತೀರಿಕೊಂಡು ಇಪ್ಪತ್ತೆರಡು ವರ್ಷಗಳಾಗಿದ್ದವು. ರಾಬರ್ಟ್ ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಹಾರ್ಮೋನ್ ಚುಚ್ಚುಮದ್ದು, ಯೋನಿಮಾರ್ಗದ ಮೂಲಕ ಅಂಡಾಣು ಸಂಗ್ರಹ, ಭ್ರೂಣವನ್ನು ಹೆಪ್ಪುಗಟ್ಟಿಸಿ ಮುಂದಿನ ತಿಂಗಳಲ್ಲಿ ಇರಿಸುವುದು: ಮುಖರ್ಜಿಯವರು ಆರಿಸಿಕೊಂಡ ಈ ಮೂರೂ ಹಾದಿಗಳು ಇಂದು ಜಗತ್ತಿನ ಸಂತಾನ ಚಿಕಿತ್ಸಾಲಯಗಳಲ್ಲಿ ದಿನನಿತ್ಯದ ರೂಢಿಯಾಗಿವೆ.

ತಜ್ಞರನ್ನು ಕಾಣುವ ಕಾಲ

ಇಷ್ಟು ಬೆಲೆ ತೆತ್ತು ತೆರೆದ ಬಾಗಿಲು ನಮ್ಮ ಮುಂದಿದೆ. ಅದರೊಳಗೆ ಸಕಾಲದಲ್ಲಿ ಕಾಲಿಡುವುದು ನಮಗೆ ಬಿಟ್ಟದ್ದು. ಜಗತ್ತಿನಲ್ಲಿ ಸುಮಾರು ಆರರಲ್ಲಿ ಒಬ್ಬರು ಬಾಳಿನ ಯಾವುದಾದರೊಂದು ಘಟ್ಟದಲ್ಲಿ ಈ ತೊಂದರೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಹಾಗಿದ್ದರೂ ತಾವೊಬ್ಬರೇ ಈ ಕಷ್ಟಕ್ಕೆ ಸಿಲುಕಿದವರೆಂದು ಪ್ರತಿಯೊಂದು ಮನೆಯೂ ಭಾವಿಸುತ್ತದೆ.

ಯಾವ ತಡೆಯನ್ನೂ ಅನುಸರಿಸದೆ ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ದಂಪತಿಗಳು ವೈದ್ಯರನ್ನು ಕಾಣಬೇಕು. ಹೆಂಡತಿಗೆ ಮೂವತ್ತೈದು ತುಂಬಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯುವುದು ಸಲ್ಲದು. ನಲವತ್ತು ದಾಟಿದ್ದರೆ ಕಾಯುವ ಮಾತೇ ಬೇಡ. ವಯಸ್ಸು ಏರಿದಂತೆ ಅಂಡಾಣುಗಳ ಸಂಖ್ಯೆಯೂ ಗುಣವೂ ಕುಗ್ಗುತ್ತವೆ. ಹೀಗೆ ಕಳೆದುಹೋದ ವರ್ಷಗಳನ್ನು ಮುಖರ್ಜಿಯವರು ಆರಂಭಿಸಿದ ವಿದ್ಯೆಯೂ ಮರಳಿಸಲಾರದು.

ಕೆಲವು ಸಂದರ್ಭಗಳಲ್ಲಿ ಒಂದು ವರ್ಷವನ್ನೂ ಕಾಯಬಾರದು. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು ಅಥವಾ ತೀರ ಏರುಪೇರಾಗುವುದು, ಮುಟ್ಟಿನ ದಿನಗಳಲ್ಲಿ ತಾಳಲಾರದ ನೋವು, ಹಿಂದೆ ಕ್ಷಯರೋಗವೋ ಕಿಬ್ಬೊಟ್ಟೆಯ ಸೋಂಕೋ ಆಗಿದ್ದುದು, ನಾಳದ ಅಥವಾ ಅಂಡಾಶಯದ ಶಸ್ತ್ರಚಿಕಿತ್ಸೆ, ಮತ್ತೆ ಮತ್ತೆ ಗರ್ಭಪಾತ ಇವು ಹೆಣ್ಣಿನ ಕಡೆಯ ಸೂಚನೆಗಳು. ಗಂಡಸಿಗೆ ಪ್ರಾಯ ಬಂದ ಮೇಲೆ ಮಂಗನಬಾವು ಬಂದು ವೃಷಣಗಳು ಊದಿದ್ದರೆ, ಬಾಲ್ಯದಲ್ಲಿ ವೃಷಣ ಕೆಳಗಿಳಿಯದೆ ಚಿಕಿತ್ಸೆಯಾಗಿದ್ದರೆ, ಇಬ್ಬರಲ್ಲಿ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೆದಿದ್ದರೆ ಆರಂಭದಲ್ಲಿಯೇ ವೈದ್ಯರಿಗೆ ತಿಳಿಸಬೇಕು.

ವೈದ್ಯರ ಬಳಿಗೆ ಇಬ್ಬರೂ ಒಟ್ಟಿಗೆ ಹೋಗಬೇಕೆಂಬುದು ಎಲ್ಲಕ್ಕಿಂತ ಮುಖ್ಯ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ವೀರ್ಯ ಪರೀಕ್ಷೆಯು ಸುಲಭ, ನೋವಿಲ್ಲದ, ಹೆಚ್ಚು ಖರ್ಚಿಲ್ಲದ ಪರೀಕ್ಷೆ. ಅದನ್ನು ಮಾಡಿಸಿಕೊಳ್ಳದೆ ಹೆಂಡತಿಯನ್ನು ವರ್ಷಗಟ್ಟಲೆ ಚಿಕಿತ್ಸೆಗೆ ಒಡ್ಡುವುದು, ಇಲ್ಲವೇ ಬಂಜೆಯೆಂಬ ಮಾತಿಗೆ ಗುರಿಮಾಡುವುದು ಅನ್ಯಾಯ. ಅತ್ತೆಮಾವಂದಿರು, ಅಕ್ಕತಂಗಿಯರು, ನೆರೆಹೊರೆಯವರು ಈ ಒಂದು ಸಂಗತಿಯನ್ನು ತಿಳಿದುಕೊಂಡರೂ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ನಿಂತೀತು.

ತಜ್ಞರನ್ನು ಕಂಡವರೆಲ್ಲರಿಗೂ ಪ್ರನಾಳ ವಿಧಾನವೇ ಬೇಕಾಗುವುದಿಲ್ಲ. ಥೈರಾಯ್ಡ್ ತೊಂದರೆ ಸರಿಪಡಿಸುವುದು, ತೂಕ ಹತೋಟಿಗೆ ತರುವುದು, ಅಂಡಾಣು ಪಕ್ವವಾಗಲು ಮಾತ್ರೆ ನೀಡುವುದು ಮುಂತಾದ ಸರಳ ಕ್ರಮಗಳಿಂದಲೇ ಅನೇಕರಿಗೆ ಫಲ ಸಿಗುತ್ತದೆ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಂಡರೆ ಆರಂಭದ ಪರೀಕ್ಷೆಗಳು ನಡೆಯುತ್ತವೆ. ಅಗತ್ಯವಿದ್ದರೆ ಅವರೇ ಮುಂದಿನ ದಾರಿ ತೋರಿಸುತ್ತಾರೆ. ದೊಡ್ಡ ಚಿಕಿತ್ಸೆ ಬೇಕಾದಾಗ, 2021ರ ಸಂತಾನ ನೆರವು ತಂತ್ರಜ್ಞಾನ ಕಾಯ್ದೆಯಡಿ ನೋಂದಣಿಯಾದ ಕೇಂದ್ರವೇ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಈ ಕಾಯ್ದೆಯಂತೆ ಇಂತಹ ಚಿಕಿತ್ಸೆಗೆ ಹೆಂಗಸರಿಗೆ 21ರಿಂದ 50, ಗಂಡಸರಿಗೆ 21ರಿಂದ 55 ವರ್ಷಗಳ ಮಿತಿಯಿದೆ. ಮಗು ಖಂಡಿತ ಆಗುತ್ತದೆಂದು ಭರವಸೆ ಕೊಡುವವರನ್ನೂ, ಗಂಡುಮಗು ಕೊಡಿಸುತ್ತೇವೆನ್ನುವವರನ್ನೂ ದೂರವಿಡಬೇಕು. ಮೊದಲನೆಯದು ಯಾರ ಕೈಯಲ್ಲೂ ಇಲ್ಲದ್ದು, ಎರಡನೆಯದು ಕಾನೂನಿನ ಪ್ರಕಾರ ಅಪರಾಧ.

ಗಡಿನಾಡಿನ ನಮ್ಮವರಿಗೆ ಇನ್ನೊಂದು ತೊಡಕಿದೆ. ಮನೆಯವರ ಮುಂದೆಯೇ ಹೇಳಲು ನಾಚುವ ಸಂಗತಿಯನ್ನು ಆಸ್ಪತ್ರೆಯಲ್ಲಿ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಹೇಳಬೇಕಾಗುತ್ತದೆ. ಅರ್ಧ ಹೇಳಿ ಅರ್ಧ ನುಂಗಿಕೊಂಡು ಬರುವವರೇ ಹೆಚ್ಚು. ಮುಟ್ಟಿನ ದಿನಾಂಕಗಳು, ಹಿಂದಿನ ಕಾಯಿಲೆಗಳು, ತೆಗೆದುಕೊಂಡ ಔಷಧಿಗಳು, ಕೇಳಬೇಕಾದ ಪ್ರಶ್ನೆಗಳು ಇವನ್ನೆಲ್ಲ ಮನೆಯಲ್ಲಿಯೇ ಕನ್ನಡದಲ್ಲಿ ಬರೆದಿಟ್ಟುಕೊಂಡು, ಅಲ್ಲಿಯ ಭಾಷೆ ಬಲ್ಲ ನಂಬಿಗಸ್ಥರೊಬ್ಬರನ್ನು ಜೊತೆಗೆ ಕರೆದೊಯ್ದರೆ ಒಳಿತು. ಎಲ್ಲ ಪರೀಕ್ಷೆಗಳ ಕಾಗದಗಳನ್ನು ಒಂದೇ ಕಡತದಲ್ಲಿ ಜೋಡಿಸಿಡಬೇಕು. ಇದರಿಂದ ಕಾಸರಗೋಡಿನವರು ಮಂಗಳೂರಿಗೆ ಹೋದರೂ, ಆದೋನಿಯವರು ಬಳ್ಳಾರಿಗೆ ಹೋದರೂ, ಜತ್ತದವರು ವಿಜಯಪುರಕ್ಕೆ ಹೋದರೂ ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವ ಖರ್ಚು ಉಳಿಯುತ್ತದೆ. ಮುಖರ್ಜಿಯವರಿಗೆ ಕೊನೆಗೆ ನ್ಯಾಯ ದೊರಕಿಸಿದ್ದೂ ಗೆಳೆಯನೊಬ್ಬ ಜೋಪಾನವಾಗಿಟ್ಟಿದ್ದ ಹಳೆಯ ಕಾಗದಗಳೇ.

ಕಾಯುವಿಕೆಯ ಈ ಕಾಲದಲ್ಲಿ ಮನಸ್ಸು ಕುಸಿಯುವುದು ಸಹಜ. ಅಂತಹ ವೇಳೆಯಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಚಿಕಿತ್ಸೆ ಫಲಿಸದಿದ್ದರೂ ದತ್ತು ಸ್ವೀಕಾರದ ದಾರಿ ತೆರೆದೇ ಇದೆ. ಮಕ್ಕಳಿಲ್ಲದ ಬಾಳೂ ಗೌರವದ ಬಾಳೇ ಎಂಬುದನ್ನು ಬಂಧುಗಳು ಮರೆಯಬಾರದು.

ಡಾ. ಸುಭಾಷ್ ಮುಖರ್ಜಿಯವರು ಕೈಯಲ್ಲಿದ್ದ ಅಲ್ಪ ಸಾಧನಗಳಿಂದ ಒಂದು ಮನೆಯ ತೊಟ್ಟಿಲನ್ನು ತುಂಬಿದರು. ಆ ತೊಟ್ಟಿಲಿನ ಸುದ್ದಿಯನ್ನು ಧೈರ್ಯದಿಂದ ಹೇಳಲು ಅಂದಿನ ಸಮಾಜ ಬಿಡಲಿಲ್ಲ. ಇಂದು ನಮ್ಮ ಓಣಿಯಲ್ಲಿ, ನಮ್ಮ ಬಂಧುಗಳಲ್ಲಿ ಮಗುವಿಗಾಗಿ ಹಂಬಲಿಸುವ ದಂಪತಿಗಳಿದ್ದರೆ, ಚುಚ್ಚುಮಾತಿನ ಬದಲು ವೈದ್ಯರನ್ನು ಕಾಣಲು ಧೈರ್ಯ ತುಂಬೋಣ. ಬೇಕಾದರೆ ಜೊತೆಯಲ್ಲಿ ಹೋಗಿಬರೋಣ. ಆ ವೈದ್ಯನಿಗೆ ನಾವು ಸಲ್ಲಿಸಬಹುದಾದ ಗೌರವ ಅದು.